ನೋಟರ್ ಡೇಮ್‌ಗೆ ಅರ್ಜಿ: ದುಡ್ಡಿನ ಫಾರ್ಮನ್ನು ಕೂತು ತುಂಬಿ

ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾಲಯ ಅಂದ ಕೂಡಲೇ ನಮ್ಮ ಪಿಯುಸಿ ಮಕ್ಕಳು ಎರಡು ಮಾತು ಹೇಳಿ ಹಿಂದೆ ಸರಿಯುತ್ತಾರೆ. 'ಅದು ಕ್ಯಾಥೊಲಿಕರದ್ದು', 'ಅಷ್ಟು ದುಡ್ಡು ಎಲ್ಲಿಂದ ತರೋದು'. ಎರಡಕ್ಕೂ ಹೆದರಬೇಕಿಲ್ಲ.

ಹೆಜ್ಜೆ 1: ಜಾಗ ನಿಮಗೆ ಒಗ್ಗುತ್ತದಾ ನೋಡಿ. ಹೋಲಿ ಕ್ರಾಸ್ ಎಂಬ ಕ್ಯಾಥೊಲಿಕ್ ಧರ್ಮಸಭೆಯ ಪಾದ್ರಿ ಎಡ್ವರ್ಡ್ ಸೊರಿನ್ 1842ರಲ್ಲಿ ಇಂಡಿಯಾನಾದಲ್ಲಿ ಕಟ್ಟಿದ ಸಂಸ್ಥೆ ಇದು. ಯಾವ ಧರ್ಮದವರೂ ಸೇರಬಹುದು. ಆದರೆ ಪದವಿಯ ಪ್ರತಿ ವಿದ್ಯಾರ್ಥಿಯೂ ದೇವತಾಶಾಸ್ತ್ರದ (ಥಿಯಾಲಜಿ) ಎರಡು ಕೋರ್ಸ್ ಓದಲೇಬೇಕು. ಹುಡುಗರಿಗೆ, ಹುಡುಗಿಯರಿಗೆ ಬೇರೆ ಬೇರೆ ಹಾಸ್ಟೆಲ್. ಪ್ರತಿಯೊಂದರಲ್ಲೂ ಪುಟ್ಟ ಪ್ರಾರ್ಥನಾ ಮಂದಿರ. ಆರು ಸೆಮಿಸ್ಟರ್ ಹಾಸ್ಟೆಲಿನಲ್ಲೇ ಇರಬೇಕು. ಕ್ಯಾಂಪಸ್ಸಿನಲ್ಲೇ ಸೂಕ್ಷ್ಮ ಕಣಗಳನ್ನು ಭಾರಿ ವೇಗದಲ್ಲಿ ಓಡಿಸುವ ವೇಗವರ್ಧಕ ಯಂತ್ರಗಳಿರುವ ಪರಮಾಣು ವಿಜ್ಞಾನ ಪ್ರಯೋಗಾಲಯವಿದೆ. ಪದವಿ ಮಕ್ಕಳೂ ಅಲ್ಲಿ ಸಂಶೋಧನೆ ಮಾಡುತ್ತಾರೆ. ಫಿಸಿಕ್ಸ್ ಇಷ್ಟ ಇರುವವರಿಗೆ ಇದೊಂದೇ ಸಾಕು ಅಂತ ನನ್ನ ಅಭಿಪ್ರಾಯ.

ಹೆಜ್ಜೆ 2: ಕಾಮನ್ ಆ್ಯಪ್‌ನಲ್ಲಿ, ಅಂದರೆ ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ವೆಬ್‌ಸೈಟಿನಲ್ಲಿ, ಅರ್ಜಿ ತುಂಬಿ. ಅದರಲ್ಲಿ ಕೇಳುವ ಪ್ರಬಂಧ ನೀವೇ ಬರೆಯಿರಿ. ದುಡ್ಡು ಕೊಟ್ಟು ಬರೆಸಬೇಡಿ, ಯಾವ ಕಾರಣಕ್ಕೂ. ನಿಮ್ಮ ಮನೆಯ ದೇವರು, ಹಬ್ಬ, ನಂಬಿಕೆ ಇವನ್ನು ಮುಚ್ಚಿಡುವುದೂ ಬೇಡ.

ಹೆಜ್ಜೆ 3: ದುಡ್ಡಿನ ಫಾರ್ಮ್. ಎಲ್ಲರೂ ಎಡವುವುದು ಇಲ್ಲೇ. ವಿದೇಶಿ ವಿದ್ಯಾರ್ಥಿಗಳ ಆಯ್ಕೆಯಲ್ಲೂ ಮನೆಯ ಹಣಕಾಸು ನೋಡುವುದಿಲ್ಲ, ಅಗತ್ಯವಿರುವಷ್ಟನ್ನು ಸಾಲವಿಲ್ಲದೆ ಕೊಡುತ್ತೇವೆ ಎಂದು ವಿಶ್ವವಿದ್ಯಾಲಯ 2024ರಲ್ಲಿ ಘೋಷಿಸಿತು. ಆದರೆ ನಿಮ್ಮ ಅಗತ್ಯ ಎಷ್ಟು ಅಂತ ಅವರಿಗೆ ತಿಳಿಯುವುದು ಸಿಎಸ್‌ಎಸ್ ಪ್ರೊಫೈಲ್ ಎಂಬ, ಮನೆಯ ಆದಾಯ, ಆಸ್ತಿ ಕೇಳುವ ಆನ್‌ಲೈನ್ ಫಾರ್ಮಿನಿಂದ.

ಮೊದಲು ಕರೆನ್ಸಿ ನೋಡಿ. ನನಗೆ ಗೊತ್ತಿರುವ ಹುಡುಗನೊಬ್ಬ ಡಾಲರ್ ಆರಿಸಿ ರೂಪಾಯಿ ಅಂಕಿ ತುಂಬಿದ್ದ. ಅಪ್ಪನ ಎಂಟು ಲಕ್ಷ ರೂಪಾಯಿ ಎಂಟು ಲಕ್ಷ ಡಾಲರ್ ಆಗಿತ್ತು! ಕಳಿಸುವ ಮುಂಚೆ ಕಣ್ಣಿಗೆ ಬಿತ್ತು, ಪುಣ್ಯ.

ಆಮೇಲೆ ಅಪ್ಪ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಐಟಿ ರಿಟರ್ನ್, ಪಾಸ್‌ಬುಕ್, ಪಹಣಿ, ಅಡಿಕೆ ಮಂಡಿಯ ಚೀಟಿ ಎಲ್ಲವನ್ನೂ ಮೇಜಿನ ಮೇಲೆ ಹರಡಿ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಅಂತ ಬಿಟ್ಟುಬಿಡಬೇಡಿ. ತೆರಿಗೆ ಇಲ್ಲದ ಆದಾಯವನ್ನೂ ಅಲ್ಲಿ ಕೇಳುತ್ತಾರೆ. ಏಜೆಂಟರು 'ಅಂದಾಜು ಹಾಕಿದ್ರೆ ಸಾಕು' ಅನ್ನುತ್ತಾರೆ. ಸಾಲದು. ನಾಳೆ ದಾಖಲೆ ಕೇಳಿದರೆ ಅಂಕಿ ತಾಳೆಯಾಗಬೇಕು ಅಲ್ವಾ?

ಕೊಳೆರೋಗಕ್ಕೆ ಫಸಲು ಹೋಗಿದೆಯೇ? ಅಜ್ಜಿಯ ಆಸ್ಪತ್ರೆಗೆ ಸಾಲ ಮಾಡಿದ್ದೀರಾ? ವಿಶೇಷ ಪರಿಸ್ಥಿತಿಯ ಜಾಗದಲ್ಲಿ ಬರೆಯಿರಿ. ಯಾವ ವರ್ಷ, ಎಷ್ಟು ರೂಪಾಯಿ, ಇನ್ನೆಷ್ಟು ತೀರಿಸಬೇಕು, ಅಷ್ಟೇ. ನಾಚಿಕೆಪಟ್ಟು ಖಾಲಿ ಬಿಟ್ಟರೆ ಆ ಸಾಲ ಅವರ ಲೆಕ್ಕಕ್ಕೆ ಬರುವುದೇ ಇಲ್ಲ.

ಹೆಜ್ಜೆ 4: ಒಂದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಅಮ್ಮನ ಕೈಲಿ ಸೊನ್ನೆಗಳನ್ನು ಲೆಕ್ಕ ಹಾಕಿಸಿ, ಆಮೇಲೆ ಕಳಿಸಿ.