ಜುಲೈ ಮಳೆಯನ್ನು ಕುಡಿದ ಡ್ರಮ್

ತಾರಸಿಯ ಮಳೆನೀರನ್ನು ಹಿಡಿಯಲು ಹೊರಟ ಮೊದಲ ವರ್ಷ ನಾನು ಹಾಕಿದ್ದು ಮಗ್ಗಿ ಬಂದವರೆಲ್ಲ ಹಾಕುವ ಲೆಕ್ಕ. ಬೆಂಗಳೂರಿಗೆ ವರ್ಷಕ್ಕೆ ಹೆಚ್ಚೂಕಡಿಮೆ 1000 ಮಿ.ಮೀ. ಮಳೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಬಿದ್ದರೆ ಒಂದು ಲೀಟರ್ ನೀರು. ವಿದ್ಯಾರಣ್ಯಪುರದ ನಮ್ಮ ಮನೆಯ ತಾರಸಿ ಸಾವಿರ ಚದರ ಅಡಿ, ಅಂದರೆ 93 ಚದರ ಮೀಟರ್. ಗುಣಿಸಿದರೆ 93 ಸಾವಿರ ಲೀಟರ್. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ ಏಳೂಮುಕ್ಕಾಲು ಸಾವಿರ. ಆರು ಸಾವಿರ ಲೀಟರಿನ ಸಂಪ್ ಕಟ್ಟಿಸಿ, ಟ್ಯಾಂಕರಿನವರ ನಂಬರನ್ನು ಮೊಬೈಲಿನಿಂದ ಅಳಿಸಿಯೂ ಬಿಟ್ಟೆ.

ಮೇ ತಿಂಗಳಲ್ಲಿ ಸಂಪ್ ತುಂಬಿ ಉಕ್ಕಿತು. ಜುಲೈನಲ್ಲಿ ತಳ ಕಂಡಿತು. ಮೇ ಪೂರ್ತಿ ಬಿಸಿಲು, ಜುಲೈ ಪೂರ್ತಿ ಮೋಡ. ಬಟ್ಟೆ ಒಣಗದ ತಿಂಗಳಲ್ಲಿ ನಮಗೆ ನೀರಿಲ್ಲ! ನಾಚಿಕೆ ಬಿಟ್ಟು ಆ ನಂಬರನ್ನು ಪಕ್ಕದ ಮನೆಯವರಿಂದ ಕೇಳಿ ಪಡೆದೆ.

ಪೈಪು ಎಲ್ಲೋ ಕಟ್ಟಿಕೊಂಡಿದೆ ಎಂದು ಪ್ಲಂಬರ್ ಎರಡು ಸಲ ಬಿಚ್ಚಿ ಜೋಡಿಸಿದರು. ಏನೂ ಸಿಗಲಿಲ್ಲ. ಆಮೇಲೆಯೇ ಮಳೆಯನ್ನು ಅಳೆಯುವ ಬುದ್ಧಿ ಬಂದಿದ್ದು. ದೊಡ್ಡ ಸಾಧನವೇನೂ ಬೇಕಿಲ್ಲ. ತಳದಿಂದ ಬಾಯಿಯವರೆಗೆ ಒಂದೇ ಅಗಲವಿರುವ ಪಾರದರ್ಶಕ ಡಬ್ಬಿ, ಅದರೊಳಗೆ ನಿಲ್ಲಿಸಲು ಒಂದು ಸ್ಕೇಲು. ಹವಾಮಾನ ಇಲಾಖೆಯವರಂತೆ ಬೆಳಗ್ಗೆ ಎಂಟೂವರೆಗೆ ನೋಡಿ, ಬರೆದುಕೊಂಡು, ಚೆಲ್ಲುತ್ತೇನೆ. ಮೊದಲು ಡಬ್ಬಿಯನ್ನು ನೀರಿನ ಟ್ಯಾಂಕಿನ ಪೂರ್ವಕ್ಕೆ ಇಟ್ಟಿದ್ದೆ. ಮುಂಗಾರಿನ ಗಾಳಿ ಬೀಸುವುದು ಪಶ್ಚಿಮದಿಂದ, ಹನಿ ಬೀಳುವುದು ಓರೆಯಾಗಿ. ಅರ್ಧ ಮಳೆಯನ್ನು ಟ್ಯಾಂಕೇ ತಡೆದುಬಿಡುತ್ತಿತ್ತು. ಹತ್ತಿರದ ಅಡ್ಡಿ ಎಷ್ಟು ಎತ್ತರವಿದೆಯೋ ಅದರ ಎರಡು ಪಟ್ಟಾದರೂ ದೂರ ಇಡಬೇಕು. ಆರು ವಾರದ ಲೆಕ್ಕ ಹೀಗೆ ಹಾಳಾಯಿತು.

ಪುಸ್ತಕದಲ್ಲಿ ಎರಡು ವರ್ಷದ ಅಂಕಿ ತುಂಬಿದ ಮೇಲೆ ಗುಟ್ಟು ಬಯಲಾಯಿತು. ನಗರದ ಸರಾಸರಿಯಲ್ಲಿ ಮೇ ಮತ್ತು ಜುಲೈ ಅಕ್ಕಪಕ್ಕದವು. ಎರಡೂ ನೂರು ಮಿ.ಮೀ. ದಾಟಿದ ತಿಂಗಳುಗಳು. ಆದರೆ ಮೇ ತಿಂಗಳದು ಕೆಲವೇ ಸಂಜೆಗಳ ಗುಡುಗು ಮಳೆ. ಹಗಲಿಡೀ ನೆಲ ಕಾದು, ಸಂಜೆ ಮೋಡ ಗೋಪುರದಂತೆ ಎದ್ದು, ಮುಕ್ಕಾಲು ಗಂಟೆಯಲ್ಲಿ 30 ಮಿ.ಮೀ. ಸುರಿಸಿ ಹೋಗುತ್ತದೆ. ಜುಲೈನ ಮೋಡ ತನ್ನ ಭಾರವನ್ನೆಲ್ಲ ಪಶ್ಚಿಮ ಘಟ್ಟದ ಆಚೆಯೇ ಇಳಿಸಿ, ಹಗುರಾಗಿ ನಮ್ಮ ಕಡೆ ಬರುವಂಥದ್ದು. ಇವತ್ತು ಎರಡು ಮಿ.ಮೀ., ನಾಳೆ ಒಂದೂವರೆ, ಮತ್ತೆ ಎರಡು. ಎರಡು ಮಿ.ಮೀ. ಎಂದರೆ ನಮ್ಮ ತಾರಸಿಯ ಮೇಲೆ 186 ಲೀಟರ್. ಅರ್ಧವನ್ನು ತಾರಸಿಗೆ ಹಾಸಿದ ಕೆಂಪು ಹೆಂಚೇ ಹೀರುತ್ತದೆ. ಉಳಿದದ್ದು ಮೊದಲ ಕೊಳೆ ನೀರನ್ನು ಬೇರೆ ಮಾಡಲು ಇಟ್ಟ 100 ಲೀಟರಿನ ಡ್ರಮ್ಮಿಗೆ. ಡ್ರಮ್ ತುಂಬಿದ ಮೇಲಷ್ಟೇ ನೀರು ಸಂಪಿಗೆ. ಡ್ರಮ್ಮಿನ ತಳದ ನಲ್ಲಿಯನ್ನು ತಾನೇ ಖಾಲಿಯಾಗಲಿ ಎಂದು ಸ್ವಲ್ಪ ತೆರೆದಿಟ್ಟಿದ್ದೆನಲ್ಲ, ಅದು ದಿನವೂ ತೊಟ್ಟಿಕ್ಕಿ ಬರಿದಾಗಿ, ಮರುದಿನದ ಸೋನೆಗೆ ಬಾಯ್ತೆರೆದು ಕಾಯುತ್ತಿತ್ತು. ಸಂಪಿಗೆ ಹನಿಯಾದರೂ ಇಳಿಯುವುದು ಹೇಗೆ?

ಮಾಗಡಿ ಕಡೆಯವರಾದ ನಮ್ಮ ಅತ್ತೆ ಲೆಕ್ಕದ ಪುಸ್ತಕ ನೋಡಿ ನಕ್ಕರು. “ಪುನರ್ವಸು, ಪುಷ್ಯ ರಾಗಿಗೆ ಬರುವ ಮಳೆಯಮ್ಮ, ನಿನ್ನ ಸಂಪಿಗಲ್ಲ” ಎಂದರು. ಅವತ್ತಿನಿಂದ ಪುಸ್ತಕದಲ್ಲಿ ತಾರೀಖಿನ ಪಕ್ಕ ಮಳೆ ನಕ್ಷತ್ರವನ್ನೂ, ಅಂದರೆ ಆಗ ಸೂರ್ಯನಿರುವ ನಕ್ಷತ್ರವನ್ನೂ ಬರೆಯುತ್ತೇನೆ. ತಿಂಗಳ ಲೆಕ್ಕಕ್ಕಿಂತ ಹದಿಮೂರು, ಹದಿನಾಲ್ಕು ದಿನಗಳ ಈ ಲೆಕ್ಕವೇ ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ.

ಬದಲಿಸಿದ್ದು ಬಹಳವಿಲ್ಲ. ಮೃಗಶಿರಾ ಹುಟ್ಟುವ ಹೊತ್ತಿಗೆ ತಾರಸಿ ಗುಡಿಸಿ ತೊಳೆದು, ಡ್ರಮ್ ತುಂಬಿದ ಮೇಲೆ ನಲ್ಲಿಯನ್ನು ಪೂರ್ತಿ ಮುಚ್ಚುತ್ತೇನೆ. ನಾಲ್ಕು ದಿನ ಮಳೆ ಬಿಡುವು ಕೊಟ್ಟರೆ ಮಾತ್ರ ತೆರೆದು ಖಾಲಿ ಮಾಡುವುದು. ಜುಲೈನಲ್ಲಿ ಸಂಪ್ ಈಗಲೂ ತುಂಬುವುದಿಲ್ಲ, ಆದರೆ ಬಟ್ಟೆ, ಪಾತ್ರೆಗೆ ಸಾಲುವಷ್ಟು ಇರುತ್ತದೆ.

ಸೆಪ್ಟೆಂಬರಿನ ಕಷ್ಟ ಇದಕ್ಕೆ ತಿರುವುಮುರುವು. 200 ಮಿ.ಮೀ. ದಾಟುವ, ವರ್ಷದಲ್ಲೇ ಅತಿ ಹೆಚ್ಚು ಮಳೆಯ ತಿಂಗಳು ಅದು. ಅಕ್ಟೋಬರ್ ಕೂಡ ಹೆಚ್ಚು ಹಿಂದಿಲ್ಲ. ಉತ್ತರೆ, ಹಸ್ತದ ಮಳೆ ರಾತ್ರಿ ಸುರಿದರೆ ಬೆಳಗಾಗುವಷ್ಟರಲ್ಲಿ ಸಂಪಿನ ನೀರು ಗೇಟಿನಾಚೆ ಮೋರಿಗೆ. ಅದಕ್ಕೆ ಬಾವಿ ತೋಡುವುದೇ ಕಸುಬಾದ ಮಣ್ಣುವಡ್ಡರ ತಂಡವನ್ನು ಕರೆಸಿ ಮೂರಡಿ ಅಗಲ, ಇಪ್ಪತ್ತಡಿ ಆಳದ ಇಂಗುಬಾವಿ ತೋಡಿಸಿದೆ. ಒಂದು ಸಲಕ್ಕೆ ನಾಲ್ಕು ಸಾವಿರ ಲೀಟರ್ ಹಿಡಿಯುತ್ತದೆ. ಹಣ ಉಳಿಸಲು ಸಂಪಿನಿಂದ ಬಾವಿಗೆ ಎರಡಿಂಚಿನ ಪೈಪು ಹಾಕಿಸಿದ್ದು ನನ್ನ ಜಿಪುಣತನ.

ಅದರ ಫಲ 2024ರಲ್ಲಿ ಸಿಕ್ಕಿತು. ಆ ಏಪ್ರಿಲ್ ಪೂರ್ತಿ ಡಬ್ಬಿ ಒಣಗಿಯೇ ಇತ್ತು. ಬೀದಿಯ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿಗೆ ಸರದಿ ಕಾಯುವ ಹಾಗಾಗಿತ್ತು. ಜೂನ್ 2ರಂದು ನಗರದ ವೀಕ್ಷಣಾಲಯದಲ್ಲಿ ಒಂದೇ ದಿನ 111.1 ಮಿ.ಮೀ. ದಾಖಲಾಯಿತು. ಜೂನ್ ತಿಂಗಳ ಒಂದು ದಿನದ ಮಳೆಗೆ 1891ರಿಂದ ನಿಂತಿದ್ದ ದಾಖಲೆಯೇ ಮುರಿಯಿತು. ನಮ್ಮ ಡಬ್ಬಿಯಲ್ಲಿ 84. ಈ ಊರಿನಲ್ಲಿ ಒಂದು ಬಡಾವಣೆಯ ಮಳೆ ಇನ್ನೊಂದಕ್ಕೆ ಹೊಂದುವುದೇ ಅಪರೂಪ. 84 ಆದರೂ ಎರಡಿಂಚಿನ ಪೈಪು ತಾಳಲಿಲ್ಲ. ಸಂಪಿನ ಮುಚ್ಚಳ ಎತ್ತಿಕೊಂಡು ನೀರು ಅಂಗಳಕ್ಕೆ ಬಂತು. ಅತ್ತೆ ವರಾಂಡದಲ್ಲಿ ಕುರ್ಚಿ ಹಾಕಿಕೊಂಡು, “ಇದು ರೋಹಿಣಿ” ಎಂದಷ್ಟೇ ಹೇಳಿದರು. ಮರುವಾರ ನಾಲ್ಕಿಂಚಿನ ಪೈಪು ತಂದೆ.