ಅಟ್ಟದ ಮೇಲಿನ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವುದು ಹೇಗೆ, ಇಳಿಸಿದ ಮೇಲೆ ಯಾವ ಆ್ಯಪಿನ ಕೈಗೂ ಕೊಡದೆ ಇಟ್ಟುಕೊಳ್ಳುವುದು ಹೇಗೆ

ನಮ್ಮನೆ ಅಟ್ಟದ ಮೇಲೆ ಒಂದು ಬಿಸ್ಕೆಟ್ ಡಬ್ಬಿ ಇತ್ತು. ಒಳಗೆ ಇಪ್ಪತ್ತಮೂರು ಕ್ಯಾಸೆಟ್. ಅರ್ಧಕ್ಕರ್ಧ ಅಪ್ಪಯ್ಯ ರೆಕಾರ್ಡ್ ಮಾಡಿದ ತಾಳಮದ್ದಳೆ (ವೇಷವಿಲ್ಲದೆ ಕೂತು ಆಡುವ ಯಕ್ಷಗಾನ), ಮಿಕ್ಕಿದ್ದು ಭದ್ರಾವತಿ ಆಕಾಶವಾಣಿಯಿಂದ ತುಂಬಿಸಿಕೊಂಡ ಭಾವಗೀತೆ, ಎರಡು ಮದುವೆ, ಒಂದರಲ್ಲಿ ನಾನು ಮೂರರ ಮಗ್ಗಿ ಒಪ್ಪಿಸಿ ಮಧ್ಯದಲ್ಲಿ ಅತ್ತಿದ್ದು. ಅದನ್ನೆಲ್ಲ ಇಳಿಸಬೇಕು ಅಂತ ಐದಾರು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೆ. ಕೊನೆಗೆ ಕೈಹಾಕಿದ್ದು ಸಿಟ್ಟಿನಿಂದ. ನಾನು ದುಡ್ಡು ಕೊಟ್ಟು ಹಾಡು ತಗೊಂಡಿದ್ದ ಒಂದು ಆ್ಯಪ್ ಬಾಗಿಲು ಹಾಕಿತು. ಹಾಡೂ ಹೋಯ್ತು, ದುಡ್ಡೂ ಹೋಯ್ತು, ‘ಇಷ್ಟು ದಿನ ಜೊತೆಗಿದ್ದಿದ್ದಕ್ಕೆ ಧನ್ಯವಾದ’ ಅಂತ ಒಂದು ಮೇಲ್ ಬಂತು. ಅದೇ ವಾರ ಅಮ್ಮ ಹಳೇ ಟೇಪ್‌ರೆಕಾರ್ಡರಿಗೆ 1987ರ ಕ್ಯಾಸೆಟ್ ಹಾಕಿದಳು. ಸ್ವಲ್ಪ ತೊದಲಿತು, ಆಮೇಲೆ ಹಾಡಿತು.

ಇದರಲ್ಲಿ ಆಶ್ಚರ್ಯ ಏನಿಲ್ಲ. ಫಿಲಿಪ್ಸ್ ಕಂಪನಿ 1963ರಲ್ಲಿ ತಂದ ಕ್ಯಾಸೆಟ್ಟಿನ ಅಳತೆ ಇವತ್ತಿಗೂ ಅದೇ, ಟೇಪ್ ಓಡುವ ವೇಗವೂ ಅದೇ. ಯಾವ ಕಂಪನಿಯ ಕ್ಯಾಸೆಟ್ಟನ್ನು ಯಾವ ಕಂಪನಿಯ ಪೆಟ್ಟಿಗೆಗೆ ಹಾಕಿದರೂ ಲಾಗಿನ್ ಕೇಳುವುದಿಲ್ಲ. ಆದರೆ ಬೂಷ್ಟು ಹಿಡಿಯುತ್ತದೆ. ಮಲೆನಾಡಿನಲ್ಲಿ ನಮ್ಮ ಶತ್ರು ಅದೇ.

ಯಾವಾಗ ಶುರು ಮಾಡಬೇಕು

ಮಳೆಗಾಲದಲ್ಲಿ ಡಬ್ಬಿ ಮುಚ್ಚಳ ತೆಗೆಯಲೇಬೇಡಿ. ಗಾಳಿಯಲ್ಲೇ ನೀರಿರುತ್ತದೆ, ಕರೆಂಟೂ ನೆಚ್ಚುವಂತಿಲ್ಲ. ಅಡಿಕೆ ಕೊನೆಕೊಯ್ಲು, ಸುಲಿಯುವುದು, ಬೇಯಿಸುವುದು ಎಲ್ಲ ಮುಗಿದು ಕೈ ಖಾಲಿಯಾದ ಮೇಲೆ, ಅಂದರೆ ಶಿವರಾತ್ರಿ ಹೊತ್ತಿಗೆ ಶುರು ಮಾಡಿ, ಸಿಡಿಲಿನ ಮಳೆ ಬರುವುದರೊಳಗೆ ಮುಗಿಸಿ. ಒಂದು ಗಂಟೆಯ ಕ್ಯಾಸೆಟ್ ಇಳಿಸಲು ಒಂದು ಗಂಟೆಯೇ ಬೇಕು, ಅದಕ್ಕೆ ಅಡ್ಡದಾರಿ ಇಲ್ಲ. ದಿನಕ್ಕೆ ಎರಡು ಅಂತ ಇಟ್ಟುಕೊಳ್ಳಿ.

ಕ್ಯಾಸೆಟ್ ತೆಗೆದ ಕೂಡಲೇ ಬೆಳಕಿಗೆ ಹಿಡಿದು ಸುರುಳಿಯ ಅಂಚು ನೋಡಿ. ಬಿಳಿ ಬಿಳಿ ಪುಡಿಯೋ ಜೇಡರ ಬಲೆಯ ಹಾಗಿನದೋ ಕಂಡರೆ ಅದನ್ನು ಬೇರೆ ಇಡಿ. ಅದನ್ನು ಹಾಕಿದ ಪೆಟ್ಟಿಗೆಯಲ್ಲೇ ಚೆನ್ನಾಗಿರುವುದನ್ನೂ ಹಾಕಿದರೆ ಅದಕ್ಕೂ ಅಂಟುತ್ತದೆ. ಬೇಗ ಒಣಗಲಿ ಅಂತ ಬಿಸಿಲಿಗೋ ಒಲೆ ಮೇಲಿನ ಅಟ್ಟಕ್ಕೋ ಇಡಬೇಡಿ, ಟೇಪ್ ಸೊಟ್ಟಗಾಗುತ್ತದೆ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುತ್ತದಲ್ಲ, ಆ ಸಿಲಿಕಾ ಜೆಲ್ ಚೀಟಿ, ಅದನ್ನು ನಾಲ್ಕಾರು ಸೇರಿಸಿ ಗಾಳಿಯಾಡದ ಡಬ್ಬಿಯಲ್ಲಿ ಒಂದೆರಡು ವಾರ ಮುಚ್ಚಿಡಿ. ಬೂಷ್ಟು ಒಣಗಿದ ಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮನೆ ಹೊರಗೆ ಕೂತು ಮೆತ್ತನೆ ಬ್ರಷ್ಷಿನಲ್ಲಿ ತೆಗೆಯಿರಿ. ಇಂಥದ್ದನ್ನು ಎಲ್ಲಕ್ಕಿಂತ ಕೊನೆಗೆ ಇಳಿಸಿ.

ಇನ್ನೊಂದು, ಮರೆಯಬೇಡಿ. ಕ್ಯಾಸೆಟ್ಟಿನ ಮೇಲಂಚಿನಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ಹಲ್ಲು ಇರುತ್ತವೆ. ಮುರಿದು ಬಿಡಿ. ಆಮೇಲೆ ಯಾರು ಕೆಂಪು ಗುಂಡಿ ಒತ್ತಿದರೂ ಅದರ ಮೇಲೆ ರೆಕಾರ್ಡ್ ಆಗುವುದಿಲ್ಲ. ನಮ್ಮನೆಯ ಒಂದು ಕಾಳಗದ ಪ್ರಸಂಗದ ಮಧ್ಯೆ ಭಾವನ ಕೆಮ್ಮು ಮತ್ತು ‘ಹಲೋ ಹಲೋ’ ಬಂದಿದ್ದು ಹೀಗೇ.

ಪೆಟ್ಟಿಗೆ

ಆನ್‌ಲೈನಿನಲ್ಲಿ ಸಿಗುವ, ವಾಕ್‌ಮನ್ ಆಕಾರದ ಅಗ್ಗದ ಯುಎಸ್‌ಬಿ ಪ್ಲೇಯರ್ ತಗೋಬೇಡಿ. ನಾನು ತಗೊಂಡೆ. ವೇಗ ಒಂದೇ ಸಮನಾಗಿರುವುದಿಲ್ಲ, ಭಾಗವತರ ರಾಗ ಬಾವಿ ರಾಟೆ ಹಾಗೆ ಅಲುಗಾಡುತ್ತದೆ. ಅದಕ್ಕಿಂತ ಮನೆಯಲ್ಲೋ ನೆಂಟರ ಮನೆಯಲ್ಲೋ ಮೂಲೆ ಸೇರಿರುವ ಒಳ್ಳೆ ಡೆಕ್, ಅಂದರೆ ದೊಡ್ಡ ಕ್ಯಾಸೆಟ್ ಪ್ಲೇಯರ್ ಹುಡುಕಿ. ಅದು ಓಡುವುದಿಲ್ಲ ಅಂದರೆ ಸಾಮಾನ್ಯವಾಗಿ ಒಳಗಿನ ರಬ್ಬರ್ ಬೆಲ್ಟ್ ಕರಗಿ ಬೆಲ್ಲದ ಪಾಕದ ಹಾಗಾಗಿರುತ್ತದೆ, ಅಷ್ಟೇ. ಶಿವಮೊಗ್ಗದ ದುರ್ಗಿಗುಡಿ ಕಡೆ ಒಬ್ಬ ಹಳೇ ರಿಪೇರಿಯವರು ನನ್ನದಕ್ಕೆ ಹೊಸ ಬೆಲ್ಟ್ ಹಾಕಿ ಕೊಟ್ಟರು. ‘ಇದಕ್ಕೆ ಸ್ಕ್ರೂ ಇದೆ, ಬಿಚ್ಚಬಹುದು. ಈಗಿನದನ್ನು ಅಂಟಿಸಿ ಕಳಿಸ್ತಾರೆ, ನಾನೇನು ಮಾಡಲಿ’ ಅಂದರು.

ಕ್ಯಾಸೆಟ್ ಹಾಕುವ ಮೊದಲು ಹೆಡ್, ಅಂದರೆ ಟೇಪ್ ತಾಗಿಕೊಂಡು ಓಡುವ ಲೋಹದ ತುಂಡು, ಒರೆಸಿ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಕಿವಿಕಡ್ಡಿ ಸಾಕು. ಕಂದು ಬಣ್ಣ ಬರುವುದು ನಿಲ್ಲುವ ತನಕ ಒರೆಸಿ, ಪಕ್ಕದ ರಬ್ಬರ್ ಉರುಳೆಗೆ ಒದ್ದೆ ಬಟ್ಟೆ ಮುಟ್ಟಿಸಿ, ಒಣಗಲು ಬಿಡಿ. ಸೆಂಟು, ಕೊಬ್ಬರಿ ಎಣ್ಣೆ ಬೇಡ, ಮಹರಾಯರೇ. ಆಮೇಲೆ ಕ್ಯಾಸೆಟ್ಟನ್ನು ಒಮ್ಮೆ ಪೂರ್ತಿ ಮುಂದೆ, ಒಮ್ಮೆ ಪೂರ್ತಿ ಹಿಂದೆ ಸುತ್ತಿ. ಮೂವತ್ತು ವರ್ಷ ಒಂದೇ ಮಗ್ಗುಲಲ್ಲಿ ಮಲಗಿದ ಟೇಪ್ ಅಂಟಿಕೊಂಡಿರುತ್ತದೆ. ಗಟ್ಟಿ ಅನಿಸಿದರೆ ಮಷೀನಿನಲ್ಲಿ ಬೇಡ, ಆರು ಮೂಲೆಯ ಪೆನ್ಸಿಲ್ ತೂರಿಸಿ ಕೈಯಲ್ಲೇ ಸುತ್ತಿ.

ತಂತಿ, ಅಳತೆ

ಎಲ್ಲರೂ ಎಡವುವುದು ಇಲ್ಲಿ. ಈಗಿನ ಲ್ಯಾಪ್‌ಟಾಪಿನಲ್ಲಿ ಇರುವುದು ಸಾಮಾನ್ಯವಾಗಿ ಒಂದೇ ತೂತು, ಅದರ ಒಳಬರುವ ದಾರಿ ಮೈಕಿಗೆ ಮಾತ್ರ, ಅದೂ ಮೋನೊ, ಎಡ ಬಲ ಎಂಬುದಿಲ್ಲದ ಒಂದೇ ದಾರಿ. ಡೆಕ್ಕಿನ ದನಿ ಅದಕ್ಕೆ ಕೊಟ್ಟರೆ ಒಡೆದ ತಗಡಿನ ಹಾಗೆ ಬರುತ್ತದೆ. ಲೈನ್ ಇನ್ (ಡೆಕ್ಕಿನಂಥ ಪೆಟ್ಟಿಗೆಯ ದನಿ ಒಳಗೆ ತಗೊಳ್ಳುವ ತೂತು) ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ಒಂದು ತಗೊಳ್ಳಿ. ಡೆಕ್ಕಿನ ಲೈನ್ ಔಟ್‌ನಿಂದ ಅದಕ್ಕೆ ಒಂದು ತಂತಿ, ಅಲ್ಲಿಂದ ಕಂಪ್ಯೂಟರಿಗೆ. ‘ಗುಂಯ್’ ಅಂತ ಕೇಳಿದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ, ಬಹಳ ಸಲ ಅಲ್ಲಿಗೇ ನಿಲ್ಲುತ್ತದೆ.

ಸಾಫ್ಟ್‌ವೇರ್ ಆಡಾಸಿಟಿ. ಪುಕ್ಕಟೆ, ಮನೆ ಲ್ಯಾಪ್‌ಟಾಪಿನಲ್ಲೇ ಓಡುತ್ತದೆ, ಇಳಿಸಲು ಯಾವ ಖಾತೆಯೂ ಬೇಡ. 44,100 ಹರ್ಟ್ಸ್, ಸ್ಟೀರಿಯೊ ಇಟ್ಟುಕೊಂಡು ರೆಕಾರ್ಡ್ ಒತ್ತಿ. ಅರ್ಥಧಾರಿ (ಪಾತ್ರದ ಮಾತಾಡುವವರು) ಗಟ್ಟಿಯಾಗಿ ಗರ್ಜಿಸುವ ಜಾಗ ಹುಡುಕಿ, ಅಲ್ಲಿ ಮೀಟರು ಮೈನಸ್ 6 ಡೆಸಿಬಲ್ ಹತ್ತಿರ ಬರುವ ಹಾಗೆ ಇಡಿ. ಕೆಂಪು ಮುಟ್ಟಬಾರದು. ದನಿ ಸಣ್ಣದಾದರೆ ಆಮೇಲೆ ಏರಿಸಬಹುದು, ಒಡೆದಿದ್ದನ್ನು ಕೂಡಿಸಲಾಗುವುದಿಲ್ಲ. ಎಲ್ಲ ಮಂಕಾಗಿ, ಕಂಬಳಿ ಹೊದ್ದು ಮಾತಾಡಿದ ಹಾಗಿದ್ದರೆ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ ನೋಡಿ. ಚಂಡೆ ‘ಟಣ್’ ಅಂತ ಚೂಪಾಗಿ ಕೇಳುವ ಜಾಗ ಒಂದಿರುತ್ತದೆ, ಅಲ್ಲಿ ಬಿಡಿ.

ಹಿಂದಿನ ಗದ್ದಲ ತೆಗೆಯುವ ನಾಯ್ಸ್ ರಿಡಕ್ಷನ್ ಅಂತ ಒಂದಿದೆ, ಅದರ ಸುದ್ದಿಗೆ ಹೋಗುವ ಮುಂಚೆ ಮೂಲ ಫೈಲನ್ನು ಹಾಗೇ ಉಳಿಸಿ. ತಾಳಮದ್ದಳೆ ನಮ್ಮ ಕಡೆ ಜಾಸ್ತಿ ನಡೆಯುವುದು ಮಳೆಗಾಲದಲ್ಲಿ ಅಲ್ವಾ. ನಮ್ಮ ಕ್ಯಾಸೆಟ್ಟುಗಳಲ್ಲಿ ಅರ್ಥದ ಹಿಂದೆ ಉದ್ದಕ್ಕೂ ಹೆಂಚಿನ ಮೇಲೆ ಬೀಳುವ ಮಳೆ ಇದೆ, ಯಾರೋ ಕವಳದ ತಟ್ಟೆ ನೂಕಿದ ಸದ್ದಿದೆ. ನಾನು ಒಂದರಲ್ಲಿ ಮಳೆ ತೆಗೆದೆ. ಕರ್ಣ ಆಸ್ಪತ್ರೆ ಕಾರಿಡಾರಿನಲ್ಲಿ ನಿಂತು ಮಾತಾಡಿದ ಹಾಗಾಯ್ತು. ಅಮ್ಮ ಎರಡು ನಿಮಿಷ ಕೇಳಿ, ‘ಇದು ನಮ್ಮನೇದಲ್ಲ’ ಅಂದಳು. ಮಳೆ ವಾಪಸ್ ಹಾಕಿದೆ.

ಉಳಿಸುವಾಗ ಫ್ಲ್ಯಾಕ್ ರೂಪದಲ್ಲಿ ಉಳಿಸಿ. ವೇವ್ ಫೈಲಾದರೆ ಗಂಟೆಗೆ ಸುಮಾರು 635 ಎಂಬಿ, ಫ್ಲ್ಯಾಕ್ ಅದರ ಅರ್ಧದ ಆಸುಪಾಸು, ದನಿಯಲ್ಲಿ ಒಂದು ಕಾಳೂ ಕಮ್ಮಿಯಾಗುವುದಿಲ್ಲ. ಅದನ್ನು ಹುಟ್ಟುಹಾಕಿದವರು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ, ಹಾಗಾಗಿ ನಾಳೆ ಯಾವ ಕಂಪನಿ ಮುಚ್ಚಿದರೂ ತೆರೆಯಬಹುದು. ನೆಂಟರಿಗೆ ಕಳಿಸಲು ಮಾತ್ರ ಎಂಪಿ3 ಮಾಡಿ. ಅದರ ಪೇಟೆಂಟುಗಳೂ 2017ರ ಹೊತ್ತಿಗೆ ಮುಗಿದಿವೆ. ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಅಂತ ಕಳಿಸಿ, ಇದ್ದ ಹಾಗೇ ಹೋಗುತ್ತದೆ.

ಫೈಲಿನ ಹೆಸರಲ್ಲಿ ವರ್ಷ ಮೊದಲು, ಆಮೇಲೆ ಊರು, ಪ್ರಸಂಗ, ಭಾಗವತರು. ಈಗ ಫೋನಿನಲ್ಲೆಲ್ಲ ಕನ್ನಡ ಬರೆಯುತ್ತೇವಲ್ಲ, ಆ ಯೂನಿಕೋಡಿನಲ್ಲೇ ಬರೆಯಿರಿ. ನಾನು 2003ರಲ್ಲಿ ಆ ಕಾಲದ ಫಾಂಟಿನಲ್ಲಿ ಬೆರಳಚ್ಚು ಮಾಡಿಟ್ಟ ಪಟ್ಟಿ ಈಗ ತೆರೆದರೆ ಇರುವೆ ಸಾಲಿನ ಹಾಗೆ ಕಾಣುತ್ತದೆ. ಅದನ್ನು ಓದಲು ಇನ್ನೊಂದು ದಿನ ಹೋಯಿತು.

ಮದುವೆ ವಿಸಿಡಿ ಇದ್ದರೆ ಅದನ್ನೂ ಈ ಕೆಲಸದಲ್ಲೇ ಸೇರಿಸಿ. ಒಳಗಿನ ಡ್ಯಾಟ್ ಫೈಲನ್ನು ಕಾಪಿ ಮಾಡಿದರೆ ವಿಎಲ್‌ಸಿ ಅನ್ನುವ ಪುಕ್ಕಟೆ ಪ್ಲೇಯರಿನಲ್ಲಿ ಓಡುತ್ತದೆ. ವಿಎಚ್‌ಎಸ್ ವಿಡಿಯೊ ಕ್ಯಾಸೆಟ್ ಇದ್ದರೆ ತಡ ಮಾಡಬೇಡಿ, ಅದನ್ನು ಓಡಿಸುವ ವಿಸಿಆರ್ ಮಾಡುತ್ತಿದ್ದ ಕೊನೆಯ ಕಂಪನಿಯೂ 2016ರಲ್ಲಿ ನಿಲ್ಲಿಸಿದೆ.

ಎಲ್ಲಿ ಇಡಬೇಕು

ಮೂರು ಕಡೆ. ಒಂದು ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ, ಒಂದು ಬೇರೆ ಊರಿನಲ್ಲಿ. ನಮ್ಮದೊಂದು ಬೆಂಗಳೂರಿನ ತಂಗಿ ಮನೆಯ ಬೀರುವಿನಲ್ಲಿದೆ. ಡಿಸ್ಕ್ ಸದಾ ಚುಚ್ಚಿಯೇ ಇರುವುದು ಬೇಡ, ಏಪ್ರಿಲ್-ಮೇ ಸಿಡಿಲಿಗೆ ಪಕ್ಕದ ಮನೆಯ ಟೀವಿ, ಮೋಡೆಮ್ ಎರಡೂ ಒಟ್ಟಿಗೆ ಹೋಗಿದ್ದು ನೋಡಿದ್ದೇನೆ. ಆಯುಧಪೂಜೆ ದಿನ ಬೈಕು ತೊಳೆಯುವಾಗ ಡಿಸ್ಕನ್ನೂ ಹೊರಗೆ ತೆಗೆದು ಒಂದೆರಡು ಫೈಲು ಓಡಿಸಿ ನೋಡಿ.

ಕ್ಲೌಡಿನಲ್ಲಿ ಇಡಬಾರದಾ? ಇಡಿ, ನಾಲ್ಕನೆಯ ಪ್ರತಿಯಾಗಿ. ಅಮೆಜಾನ್ 2009ರಲ್ಲಿ ಜನರು ಕೊಂಡಿದ್ದ ಪುಸ್ತಕವನ್ನು ಅವರವರ ಕಿಂಡಲ್ಲಿನಿಂದಲೇ (ಅಮೆಜಾನಿನ ಇ-ಪುಸ್ತಕ ಓದುವ ಯಂತ್ರ) ಅಳಿಸಿ ಹಾಕಿತ್ತು, ಆಮೇಲೆ ಕ್ಷಮೆ ಕೇಳಿತು. ಮೈಕ್ರೋಸಾಫ್ಟ್ 2019ರಲ್ಲಿ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ದುಡ್ಡೇನೋ ವಾಪಸ್ ಕೊಟ್ಟಿತು, ಪುಸ್ತಕ ಉಳಿಯಲಿಲ್ಲ. ಕಿಂಡಲ್ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಯುಎಸ್‌ಬಿಯಲ್ಲಿ ಹಾಕುವ ಸೌಲಭ್ಯವೂ 2025ರ ಫೆಬ್ರವರಿಯಲ್ಲಿ ಹೋಯಿತು. ಹಾಗಾಗಿ ಹಾಡೋ ಪುಸ್ತಕವೋ ಕೊಳ್ಳುವ ಮುಂಚೆ ನಾನು ನೋಡುವುದು ಒಂದೇ: ಫೈಲು ನನ್ನ ಡಿಸ್ಕಿಗೆ ಬಂದು, ನೆಟ್ ಕಿತ್ತ ಮೇಲೂ ಬೇರೆ ಪ್ಲೇಯರಿನಲ್ಲಿ ತೆರೆಯುತ್ತದಾ? ಇಲ್ಲ ಅಂದರೆ ಅದು ಬಾಡಿಗೆ, ಬಾಡಿಗೆಯ ರೇಟಿಗೆ ಮಾತ್ರ ತಗೊಳ್ಳಿ.

ಊರವರೂ ಕೇಳಲಿ ಅಂತ ಒಂದು ತಾಳಮದ್ದಳೆ ತುಣುಕನ್ನು ವಿಡಿಯೊ ತಾಣಕ್ಕೆ ಹಾಕಿದೆ. ಒಂದು ಗಂಟೆಯೊಳಗೆ ನೋಟಿಸು: ಈ ಪದ್ಯದ ಹಕ್ಕು ನಮ್ಮದು ಅಂತ ಯಾವುದೋ ಕಂಪನಿ. ಹಾಡಿದವರು ಪಕ್ಕದೂರಿನ ಭಾಗವತರು, ಹಿಡಿದದ್ದು ಅಪ್ಪಯ್ಯ, ಪದ್ಯವೋ ನಮ್ಮಜ್ಜನ ಅಜ್ಜನಿಗಿಂತ ಹಳೇದು. ಜಗಳಕ್ಕೆ ಅರ್ಜಿ ತುಂಬಿದೆ, ಹನ್ನೊಂದು ದಿನ ಬಿಟ್ಟು ಕೈಬಿಟ್ಟರು. ನೀವು ಹಾಕುವುದಾದರೆ ಹಾಡಿದವರ, ಅವರ ಮನೆಯವರ ಒಪ್ಪಿಗೆ ಮೊದಲೇ ಬರೆಸಿಕೊಳ್ಳಿ. ಅಂಗಡಿಯಲ್ಲಿ ಕೊಂಡ ಕ್ಯಾಸೆಟ್ಟಿನ ಕಥೆ ಬೇರೆ. ನಮ್ಮಲ್ಲಿ ಧ್ವನಿಮುದ್ರಣದ ಹಕ್ಕು 60 ವರ್ಷ ಇರುತ್ತದೆ, ಅದು ಮನೆಯಲ್ಲಿ ಕೇಳಲು ಮಾತ್ರ ಇರಲಿ.

ಇಳಿಸಿ ಮುಗಿದ ಮೇಲೆ ಕ್ಯಾಸೆಟ್ ಗುಜರಿಗೆ ಹಾಕಬೇಡಿ. ನೆಟ್ಟಗೆ ನಿಲ್ಲಿಸಿ, ಸಿಲಿಕಾ ಜೆಲ್ ಚೀಟಿ ಹೊಸದು ಹಾಕಿ, ಮುಚ್ಚಳಕ್ಕೆ ಟೇಪ್ ಸುತ್ತಿ, ಹೊರಗೆ ‘ಇಳಿಸಿದ್ದು’ ಅಂತ ತಾರೀಖು ಬರೆದು ಅಟ್ಟದ ಮೇಲೇ ಇಡಿ. ಸ್ಪೀಕರಿನ ಪಕ್ಕ ಮಾತ್ರ ಬೇಡ, ಅದರಲ್ಲಿ ಅಯಸ್ಕಾಂತ ಇರುತ್ತದೆ.