ಹಸಿ ತರಕಾರಿ ತಟ್ಟೆ: ನೀರು ಬಿಡದ ಹಾಗೆ ಜೋಡಿಸುವುದು ಹೇಗೆ?

ನೆಂಟರು ಬರುತ್ತಾರೆ ಅಂದರೆ ಈಗ ಬೋಂಡಾ, ಚಿಪ್ಸ್ ಜೊತೆಗೆ ಒಂದು ಹಸಿ ತರಕಾರಿ ತಟ್ಟೆಯೂ ಟೇಬಲ್ ಮೇಲೆ ಬರುತ್ತದೆ. ಸಕ್ಕರೆ ಕಾಯಿಲೆಯವರು, ಡಯಟ್ ಮಾಡುವವರು, ಎಣ್ಣೆ ತಿಂಡಿ ಬಿಟ್ಟವರು ಎಲ್ಲ ಮನೆಯಲ್ಲೂ ಇದ್ದಾರೆ ಅಲ್ವಾ. ತಟ್ಟೆ ಬಂದ ಗಳಿಗೆಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ಅರ್ಧ ಗಂಟೆ ಬಿಟ್ಟು ನೋಡಿ. ಸೌತೆಕಾಯಿ ಸುತ್ತ ನೀರು, ಟೊಮೆಟೊ ಬೀಜ ಕ್ಯಾರೆಟ್ ಮೇಲೆ, ಬೀಟ್‌ರೂಟ್ ಬಣ್ಣ ಮೂಲಂಗಿಗೆ, ತರಕಾರಿ ಅದ್ದಿ ತಿನ್ನುವ ಗಟ್ಟಿ ಮೊಸರಿನ ಡಿಪ್ ಹೋಗಿ ಮಜ್ಜಿಗೆ. ಜನ ಟೊಮೆಟೊದಲ್ಲಿ ಗುಲಾಬಿ ಕೆತ್ತಲು ಒಂದು ಗಂಟೆ ಕೊಡುತ್ತಾರೆ, ನೀರು ಒರೆಸಲು ಐದು ನಿಮಿಷ ಕೊಡುವುದಿಲ್ಲ.

ಇದೇನೋ ಹೊರಗಿನವರ ತಿಂಡಿ, ನಮಗೆ ಬರುವುದಿಲ್ಲ ಅಂತ ಹಿಂಜರಿಯುವುದೂ ಬೇಡ. ಉತ್ತರ ಕರ್ನಾಟಕದ ಖಾನಾವಳಿಗೆ ಹೋದವರಿಗೆ ಗೊತ್ತು. ಜೋಳದ ರೊಟ್ಟಿ ಪಕ್ಕದಲ್ಲಿ ಸವತಿಕಾಯಿ, ಮೂಲಂಗಿ, ಉಳ್ಳಾಗಡ್ಡಿ, ಹಸಿ ಮೆಂತ್ಯ ಸೊಪ್ಪು. ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು. ಅದನ್ನೇ ದೊಡ್ಡ ತಟ್ಟೆಯಲ್ಲಿ, ಕೈಗೆ ಸಿಗುವ ಹಾಗೆ ಇಡುವುದು ನಮ್ಮ ಕೆಲಸ.

ಹಿಂದಿನ ರಾತ್ರಿ: ಮೊಸರು ಕಟ್ಟಿ ಹಾಕುವುದು

ಎಲ್ಲರೂ ಕೆಡಿಸುವ ಜಾಗ ಇದೇ. ಅದಕ್ಕೇ ಇಲ್ಲಿಂದ ಶುರು ಮಾಡೋಣ, ನಿಧಾನವಾಗಿ.

ಎಂಟು ಜನಕ್ಕೆ ಅರ್ಧ ಕೆಜಿ ಮೊಸರು ಸಾಕು. ನೀರಿಳಿದ ಮೇಲೆ ಸುಮಾರು ಕಾಲು ಕೆಜಿ ಉಳಿಯುತ್ತದೆ. ಮನೆಯಲ್ಲೇ ಹೆಪ್ಪು ಹಾಕುವುದಾದರೆ ಕೆನೆ ಇರುವ ಹಾಲು ತೆಗೆದುಕೊಳ್ಳಿ. ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ 3, ಫುಲ್ ಕ್ರೀಂನಲ್ಲಿ ಶೇ 6. ಡಿಪ್ ನಾಲಿಗೆ ಮೇಲೆ ನುಣ್ಣಗೆ ಕೂರುವುದು ಆ ಕೊಬ್ಬಿನಿಂದ. ಮೊಸರು ಆಗತಾನೇ ಹೆಪ್ಪಾಗಿರಬೇಕು. ಎರಡು ದಿನದ ಹುಳಿ ಮೊಸರನ್ನು ಕಟ್ಟಿ ಹಾಕಿದರೆ ನೀರಿನ ಜೊತೆ ಹುಳಿಯೂ ಇಳಿದುಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ಪೂರ್ತಿ ಇಳಿಯುವುದಿಲ್ಲ. ಪ್ಯಾಕೆಟ್ ಮೊಸರಾದರೂ ಪರವಾಗಿಲ್ಲ. ಆದರೆ ಹಿಂದಿನ ಸಣ್ಣ ಅಕ್ಷರ ಓದಿ. ಪಿಷ್ಟ, ಜೆಲಟಿನ್ ಅಂತ ಏನಾದರೂ ಬರೆದಿದ್ದರೆ ಅದು ನೀರು ಬಿಟ್ಟುಕೊಡುವುದಿಲ್ಲ. ರಾತ್ರಿಯಿಡೀ ಕಟ್ಟಿಟ್ಟರೂ ಬೆಳಿಗ್ಗೆ ಹಾಗೇ ಇರುತ್ತದೆ.

ಬಟ್ಟೆ ಹಳೆಯ ಹತ್ತಿ ಪಂಚೆಯದ್ದಾಗಲಿ. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ತೊಳೆದ ಬಟ್ಟೆಯಲ್ಲಿ ಸೋಪಿನ ಪರಿಮಳ ಇರುತ್ತದೆ. ಮೊಸರು ಎರಡನ್ನೂ ಹೀರುತ್ತದೆ. ಮೊದಲು ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಆರಿಸಿ. ಸ್ವಲ್ಪ ಒದ್ದೆ ಇರುವಾಗಲೇ ಜರಡಿಯ ಮೇಲೆ ಎರಡು ಮಡಿಕೆ ಹಾಸಿ. ಜರಡಿ ಕೆಳಗೆ ಆಳವಾದ ಪಾತ್ರೆ ಇರಲಿ, ಇಳಿದ ನೀರು ಜರಡಿಯ ತಳ ಮುಟ್ಟಬಾರದು. ಮೊಸರನ್ನು ಕಡೆಯಬೇಡಿ, ಸೌಟಿನಲ್ಲಿ ಗಡ್ಡೆಗಡ್ಡೆಯಾಗಿ ತೆಗೆದು ಹಾಕಿ. ಕಡೆದರೆ ಮೊಸರೇ ಬಟ್ಟೆಯಿಂದ ಸೋರುತ್ತದೆ.

ಇಲ್ಲಿ ಎರಡು ಮಾತು. ಒಂದು, ಗಂಟನ್ನು ಸಿಂಕಿನ ನಲ್ಲಿಗೆ ಕಟ್ಟಬೇಡಿ. ಯಾರೋ ಬಂದು ಕೈ ತೊಳೆಯುತ್ತಾರೆ. ಅಲ್ಲದೆ ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಹೊರಗೆ ನಾಲ್ಕು ಗಂಟೆ ಇಟ್ಟರೆ ಹುಳಿ ಬಂದೇ ಬರುತ್ತದೆ. ಜರಡಿ, ಪಾತ್ರೆ ಎರಡನ್ನೂ ಹಾಗೆಯೇ ಫ್ರಿಜ್ಜಿನಲ್ಲಿಡಿ. ಎರಡು, ಅವಸರಕ್ಕೆ ಗಂಟನ್ನು ಹಿಂಡಬೇಡಿ. ಹಿಂಡಿದರೆ ಬಟ್ಟೆಯ ಹೊರಗೆ ಬಿಳಿ ಹನಿಗಳು ಕಾಣುತ್ತವೆ. ಅದು ನೀರಲ್ಲ, ನಿಮ್ಮ ಡಿಪ್. ಬೇಕಿದ್ದರೆ ಮೇಲೊಂದು ಸಣ್ಣ ತಟ್ಟೆ ಇಟ್ಟು, ಅದರ ಮೇಲೆ ಒಂದು ಲೋಟ ನೀರು ಇಡಿ. ರಾತ್ರಿ ಮಲಗುವ ಮುಂಚೆ ಇಟ್ಟರೆ ಬೆಳಿಗ್ಗೆ ಬಟ್ಟೆಯಿಂದ ತಾನಾಗಿ ಬಿಟ್ಟುಕೊಳ್ಳುತ್ತದೆ, ನೆಟ್ಟ ಚಮಚ ಬೀಳುವುದಿಲ್ಲ. ಪಾತ್ರೆಯಲ್ಲಿ ಇಳಿದ ತಿಳಿ ಹಳದಿ ನೀರನ್ನು ಚೆಲ್ಲಬೇಡಿ, ಚಪಾತಿ ಹಿಟ್ಟು ಕಲಸಿ.

ಮರೆತುಹೋಯಿತು, ನೆಂಟರು ಆಗಲೇ ಮೆಜೆಸ್ಟಿಕ್ ಬಿಟ್ಟಿದ್ದಾರೆ ಅಂದರೆ? ನೂರು ಗ್ರಾಂ ಪನೀರ್ ಪುಡಿ ಮಾಡಿ ಎರಡು ಚಮಚ ಮೊಸರಿನ ಜೊತೆ ಮಿಕ್ಸಿಯಲ್ಲಿ ತಿರುಗಿಸಿ. ಒಪ್ಪಿಕೊಳ್ಳಬಹುದಾದ ಅಡ್ಡದಾರಿ ಇದೊಂದೇ. ತೆಳು ಮೊಸರಿಗೆ ಕಾರ್ನ್‌ಫ್ಲೋರ್, ಬ್ರೆಡ್ ಪುಡಿ ಕಲಸುವವರಿದ್ದಾರೆ. ಹಸಿ ಹಿಟ್ಟಿನ ರುಚಿ ಯಾವ ಬೆಳ್ಳುಳ್ಳಿ ಹಾಕಿದರೂ ಹೋಗುವುದಿಲ್ಲ.

ಡಿಪ್ ಕಲಸುವಾಗ

ಕಷ್ಟಪಟ್ಟು ಕಟ್ಟಿದ ಮೊಸರನ್ನು ಮಿಕ್ಸಿಗೆ ಹಾಕಿದರೆ ಎಲ್ಲ ವ್ಯರ್ಥ. ಬ್ಲೇಡ್ ತಿರುಗಿದ ಕೂಡಲೇ ಅದು ಸಡಿಲಾಗಿ ಸುರಿಯುವಂತಾಗುತ್ತದೆ. ಚಮಚದಲ್ಲಿ ಕಲಸಿ, ಅಷ್ಟೆ. ಕೊತ್ತಂಬರಿ, ಪುದೀನ ಹಾಕುವುದಾದರೆ ತೊಳೆದು ಬಟ್ಟೆಯ ಮೇಲೆ ಪೂರ್ತಿ ಆರಿಸಿ, ಚಾಕುವಿನಲ್ಲಿ ಸಣ್ಣಗೆ ಹೆಚ್ಚಿ. ತುರಿದ ಸೌತೆಕಾಯಿ ಬೇಕಾದರೆ ಚಿಟಿಕೆ ಉಪ್ಪು ಹಚ್ಚಿ ಕಾಲು ಗಂಟೆ ಬಿಟ್ಟು, ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ. ಸೌತೆಕಾಯಲ್ಲಿ ನೂರಕ್ಕೆ 95 ಪಾಲು ನೀರೇ. ಅದನ್ನು ಈಗ ನೀವು ತೆಗೆಯದಿದ್ದರೆ ಡಿಪ್ ಒಳಗೆ ಅದೇ ಇಳಿಯುತ್ತದೆ.

ಉಪ್ಪು ಕೊನೆಗೆ. ತಟ್ಟೆ ಹೊರಗೆ ಒಯ್ಯುವ ಮುಂಚೆ. ಉಪ್ಪು ಬಿದ್ದ ಮೊಸರು ಇಟ್ಟಷ್ಟೂ ನೀರು ಬಿಡುತ್ತದೆ.

ಎರಡು ಡಿಪ್ ಮಾಡಿ, ಮೂರು ಬೇಡ. ಒಂದು ಬೆಳ್ಳುಳ್ಳಿ, ಕೊತ್ತಂಬರಿ, ಹಸಿಮೆಣಸು ಹಾಕಿದ ಬಿಳಿ ಮೊಸರು. ಒಂದೇ ಎಸಳು ಬೆಳ್ಳುಳ್ಳಿ ಸಾಕು, ಹಸಿ ಬೆಳ್ಳುಳ್ಳಿ ಹೊತ್ತು ಹೋದಷ್ಟೂ ಘಾಟು ಏರುತ್ತದೆ. ಇನ್ನೊಂದು ಶೇಂಗಾ ಚಟ್ನಿ ಪುಡಿ ಕಲಸಿದ್ದು. ನಾಲ್ಕು ಚಮಚ ಗಟ್ಟಿ ಮೊಸರಿಗೆ ಎರಡು ಚಮಚ ಪುಡಿ, ಮೇಲೆ ಅರ್ಧ ಚಮಚ ಶೇಂಗಾ ಎಣ್ಣೆ. ಪುಡಿ ಇದ್ದಬದ್ದ ನೀರನ್ನೂ ಹೀರಿಕೊಳ್ಳುವುದರಿಂದ ಇದು ಕೆಡುವುದೇ ಕಷ್ಟ. ಉತ್ತರ ಕರ್ನಾಟಕದ ಪುಡಿಯಲ್ಲಿ ಸಾಮಾನ್ಯವಾಗಿ ಬೆಳ್ಳುಳ್ಳಿ ಇರುತ್ತದೆ. ಬೆಳ್ಳುಳ್ಳಿ ತಿನ್ನದವರು ಬರುತ್ತಿದ್ದರೆ ಬೇರೆ ಹುರಿದು ಪುಡಿ ಮಾಡಿ. ಹಾಗೇ ಚಾತುರ್ಮಾಸ್ಯ ಮಾಡುವ ಹಿರಿಯರಿದ್ದರೆ ಮುಂಚೆಯೇ ಕೇಳಿಬಿಡಿ. ಮೊದಲ ತಿಂಗಳು ತರಕಾರಿ ಇಲ್ಲ, ಎರಡನೇ ತಿಂಗಳು ಮೊಸರಿಲ್ಲ. ನಿಮ್ಮ ತಟ್ಟೆಯ ಯಾವುದೋ ಅರ್ಧ ಅವರಿಗೆ ನಡೆಯುವುದಿಲ್ಲ.

ಬಾಟಲಿ ಮಯೋನೇಸ್ ಸುರಿದು ಡಿಪ್ ಅನ್ನುವವರಿಗೆ ನನ್ನ ಹತ್ತಿರ ಹೇಳಲು ಏನೂ ಇಲ್ಲ. ಎಣ್ಣೆ, ಸಕ್ಕರೆ, ಗಂಟಲಿಗೆ ಅಂಟುವ ಜಿಡ್ಡು. ಮನೆಯಲ್ಲಿ ಹಸಿ ಮೊಟ್ಟೆ ಒಡೆದು ಮಾಡುವ ಸಾಹಸವಂತೂ ಬೇಡವೇ ಬೇಡ. 2024ರಲ್ಲಿ ತೆಲಂಗಾಣ, 2025ರಲ್ಲಿ ತಮಿಳುನಾಡು ಹಸಿ ಮೊಟ್ಟೆಯ ಮಯೋನೇಸನ್ನು ಒಂದು ವರ್ಷ ನಿಷೇಧಿಸಿದ್ದು ಸುಮ್ನೆ ಅಲ್ಲ.

ಯಾವ ತರಕಾರಿ?

ತಲೆಗೆ 150 ಗ್ರಾಂ ಲೆಕ್ಕ ಹಾಕಿ. ಐದು ಬಗೆ ಸಾಕು.

ನವಿಲುಕೋಸು ಇರಲೇಬೇಕು. ಸಾಂಬಾರಿಗೆ ಹಾಕಿ ಬೇಯಿಸಿ ಇದರ ಮಾನ ಕಳೆದಿದ್ದೇವೆ. ಹಸಿಯಾಗಿ ತಿಂದರೆ ಸಿಹಿ, ಗರಿಗರಿ. ನೀರು ಬಿಡುವುದಿಲ್ಲ, ಹೆಚ್ಚಿಟ್ಟರೆ ಕಪ್ಪಾಗುವುದಿಲ್ಲ. ಮುಷ್ಟಿಗಿಂತ ಸಣ್ಣದು, ಎಲೆ ಇನ್ನೂ ಹಸಿರಾಗಿರುವುದು ಆರಿಸಿ. ಸಿಪ್ಪೆ ಒಂದು ಸಲ ಹೆರೆದರೆ ಕೆಳಗೆ ಬಿಳಿ ನಾರಿನ ಇನ್ನೊಂದು ಪದರ ಕಾಣುತ್ತದೆ. ಅದೂ ಹೋಗಬೇಕು. ಕಂಜೂಸುತನ ಮಾಡಿದರೆ ನೆಂಟರು ಬಾಯಲ್ಲಿ ನಾರು ಇಟ್ಟುಕೊಂಡು ಎಲ್ಲಿ ಉಗಿಯುವುದು ಅಂತ ನೋಡುತ್ತಾರೆ.

ಕ್ಯಾರೆಟ್, ಎಳೆ ಸೌತೆ, ಕೆಂಪು ಅಥವಾ ಹಳದಿ ದಪ್ಪ ಮೆಣಸಿನಕಾಯಿ, ಎಳೆ ಮೂಲಂಗಿ. ಚಳಿಗಾಲವಾದರೆ ಸುಲಿದ ಹಸಿ ಕಡಲೆ ಒಂದು ಹಿಡಿ. ಟೊಮೆಟೊ ಹೆಚ್ಚಿ ಇಡಬೇಡಿ, ಗೋಲಿಯಷ್ಟು ಸಣ್ಣ ಚೆರ್ರಿ ಟೊಮೆಟೊ ಸಿಕ್ಕರೆ ಇಡಿಯಾಗಿ ಇಡಿ. ಬೀಟ್‌ರೂಟ್ ಬೇಡ. ಹುರುಳಿಕಾಯಿ ಹಸಿಯಾಗಿ ಖಂಡಿತ ಬೇಡ, ಹೊಟ್ಟೆ ಕೆಡುತ್ತದೆ. ಕುದಿವ ನೀರಿನಲ್ಲಿ ಚೆನ್ನಾಗಿ ಬೇಯಿಸಿದ್ದಾದರೆ ಸರಿ. ಹೂಕೋಸು ಇಡುವುದಾದರೆ ಉಪ್ಪು ಅರಿಶಿನದ ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ ಹುಳು ತೆಗೆದು, ಕುದಿವ ನೀರಿನಲ್ಲಿ ಒಂದು ನಿಮಿಷ ಬಿಟ್ಟು, ತಣ್ಣೀರಿಗೆ ಹಾಕಿ, ತಲೆಕೆಳಗಾಗಿ ಬಸಿಯಲು ಇಡಿ. ಹೂವಿನ ಸಂದಿಯಲ್ಲಿ ಅಡಗಿದ ನೀರು ಹಾಗೆ ಇಳಿಯುತ್ತದೆ.

ತೊಳೆ, ಹೆಚ್ಚು, ಒರೆಸು

ಹಸಿಯಾಗಿ ತಿನ್ನುವುದಲ್ವಾ, ಹರಿಯುವ ನಲ್ಲಿ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆಯಿರಿ, ಸಿಪ್ಪೆ ತೆಗೆಯುವ ಮುಂಚೆಯೇ. ತರಕಾರಿ ತೊಳೆಯುವ ದ್ರಾವಣ ಅಂತ ಮಾರುವ ಬಾಟಲಿಗಳಿಗೆ ದುಡ್ಡು ಹಾಕುವ ಬದಲು ಅದೇ ದುಡ್ಡಿಗೆ ಇನ್ನೊಂದು ನವಿಲುಕೋಸು ತನ್ನಿ.

ಕಿರುಬೆರಳಿನ ದಪ್ಪ, ಮೂರು ಇಂಚು ಉದ್ದ. ಇದಕ್ಕಿಂತ ಸಣ್ಣದಾದರೆ ಅದ್ದುವಾಗ ಬೆರಳೂ ಡಿಪ್‌ಗೆ ಹೋಗುತ್ತದೆ. ದಪ್ಪ ಮೆಣಸಿನಕಾಯಿಯನ್ನು ಮಾತ್ರ ಅಗಲವಾಗಿ ಕತ್ತರಿಸಿ, ಅದರ ಬಾಗಿದ ಹೊಟ್ಟೆಯಲ್ಲಿ ಡಿಪ್ ನಿಲ್ಲುತ್ತದೆ. ಸೌತೆಕಾಯಿ ತೊಟ್ಟಿನ ಕಡೆ ಒಂದು ಚೂರು ಬಾಯಿಗೆ ಹಾಕಿ ನೋಡಿ. ಕಹಿ ಜಾಸ್ತಿ ಇರುವುದು ಆ ತುದಿಯಲ್ಲಿ. ಪೂರ್ತಿ ಕಹಿ ಇದ್ದರೆ ಎಸೆಯಿರಿ. ಚೆನ್ನಾಗಿದ್ದರೆ ಉದ್ದಕ್ಕೆ ನಾಲ್ಕು ಸೀಳಿ, ನಡುವಿನ ಬೀಜದ ಲೋಳೆಯನ್ನು ಚಾಕುವಿನಿಂದ ಒಂದೇ ಎಳೆತಕ್ಕೆ ತೆಗೆಯಿರಿ. ತಟ್ಟೆಯಲ್ಲಿ ಕೆರೆ ಕಟ್ಟುವುದು ಆ ಲೋಳೆ.

ಕ್ಯಾರೆಟ್, ಮೂಲಂಗಿ, ನವಿಲುಕೋಸನ್ನು ಹೆಚ್ಚಿದ ಮೇಲೆ ಐಸ್ ನೀರಿನಲ್ಲಿ ಅರ್ಧ ಗಂಟೆ ಬಿಡಿ. ಬಾಡಿದ ಕ್ಯಾರೆಟ್ ಕೂಡ ನೀರು ಕುಡಿದು ಬಿಗಿಯಾಗುತ್ತದೆ, ಮುರಿದರೆ ಟಕ್ ಅನ್ನುತ್ತದೆ. ಆ ನೀರಿಗೆ ಉಪ್ಪು ಹಾಕಬೇಡಿ. ಉಪ್ಪು ಒಳಗಿನ ನೀರನ್ನು ಹೊರಗೆಳೆಯುತ್ತದೆ, ಕ್ಯಾರೆಟ್ ಬಾಗಿ ಜೋತು ಬೀಳುತ್ತದೆ. ರುಚಿಗೆ ಇರಲಿ ಅಂತ ಎಲ್ಲದರ ಮೇಲೂ ಉಪ್ಪು, ನಿಂಬೆರಸ ಚಿಮುಕಿಸುವ ಚಟವನ್ನೂ ಬಿಡಿ. ಕೋಸಂಬರಿ ಅಲ್ಲ ಇದು.

ಆಮೇಲೆ ಒರೆಸುವುದು. ಜರಡಿಯಲ್ಲಿ ಬಸಿದರೆ ಸಾಲದು. ದೊಡ್ಡ ಒಣ ಬಟ್ಟೆ ಹಾಸಿ ತುಂಡುಗಳನ್ನು ಹರಡಿ, ಮೇಲೊಂದು ಬಟ್ಟೆ ಹೊದಿಸಿ, ಅಂಗೈಯಿಂದ ಒತ್ತಿ. ಕೆಳಗಿನ ಬಟ್ಟೆ ಒದ್ದೆಯಾದರೆ ಬದಲಿಸಿ ಇನ್ನೊಮ್ಮೆ ಒತ್ತಿ. ಒಂದು ತುಂಡನ್ನು ಮೊಸರಿಗೆ ಅದ್ದಿ ಎತ್ತಿ ನೋಡಿ. ಮೊಸರು ಹಿಡಿದು ನಿಂತರೆ ಆಯಿತು. ಜಾರಿ ಬಟ್ಟಲಿಗೇ ಬಿದ್ದರೆ ತುಂಡು ಇನ್ನೂ ಒದ್ದೆ ಇದೆ. ಒಣಗಿದ್ದನ್ನು ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಸೌತೆಕಾಯನ್ನು ಮಾತ್ರ ಕೊನೆ ಗಳಿಗೆಯಲ್ಲಿ ಹೆಚ್ಚಿ.

ಜೋಡಿಸುವುದು

ಇದು ಸುಲಭ. ಅಗಲವಾದ ಹರಿವಾಣವನ್ನು ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ, ಬಾಳೆ ಎಲೆ ಕತ್ತರಿಸಿ ಹಾಸಿ. ಮೊದಲು ಡಿಪ್ ಬಟ್ಟಲುಗಳು, ನಟ್ಟನಡುವೆ ಬೇಡ, ಓರೆಯಾಗಿ ಎರಡು ಕಡೆ. ಕ್ಯಾರೆಟ್, ನವಿಲುಕೋಸು ಕಟ್ಟುಕಟ್ಟಾಗಿ, ಒಂದೇ ಬಣ್ಣ ಪಕ್ಕಪಕ್ಕ ಬರದ ಹಾಗೆ. ಸಂದಿಗೆ ಟೊಮೆಟೊ, ಹಸಿ ಕಡಲೆ. ಜಾಗ ಕಡಿಮೆ ಇದ್ದರೆ ಸ್ಟೀಲ್ ಲೋಟದಲ್ಲಿ ನಿಲ್ಲಿಸಿ, ಅದೂ ಚೆನ್ನಾಗಿ ಕಾಣುತ್ತದೆ. ಗುಲಾಬಿ, ಹಂಸ ಕೆತ್ತಬೇಡಿ, ಅದನ್ನು ಯಾರೂ ಮುಟ್ಟುವುದಿಲ್ಲ. ತಣ್ಣಗಿರಲಿ ಅಂತ ಐಸ್ ತುಂಡು ಸುರಿಯುವುದೂ ಬೇಡ, ಕರಗಿ ಎಲ್ಲ ಮತ್ತೆ ನೀರು.

ಇನ್ನೊಂದು ಮುಖ್ಯ ವಿಷಯ, ಎಂಜಲು. ಕಚ್ಚಿದ ಕ್ಯಾರೆಟ್ಟನ್ನು ಯಾರೋ ಮತ್ತೆ ಬಟ್ಟಲಿಗೆ ಅದ್ದಿದರೆ, ಅದನ್ನು ನೋಡಿದ ಅತ್ತೆಯವರು ಆ ಡಿಪ್ ಮುಟ್ಟುವುದಿಲ್ಲ. ಬಾಯಿ ಬಿಟ್ಟು ಹೇಳುವುದೂ ಇಲ್ಲ, "ನನಗೆ ಹಸಿವಿಲ್ಲ ಕಣಮ್ಮ" ಅಂತಾರೆ. ಪ್ರತಿ ಬಟ್ಟಲಿಗೂ ಒಂದು ಚಮಚ, ಪ್ರತಿಯೊಬ್ಬರ ಕೈಗೂ ಒಂದು ಸಣ್ಣ ತಟ್ಟೆ ಕೊಡಿ. ಮೊದಲು ನೀವೇ ಚಮಚದಲ್ಲಿ ಬಡಿಸಿಕೊಂಡು ತೋರಿಸಿ. ಉಳಿದವರು ಹಾಗೆಯೇ ಮಾಡುತ್ತಾರೆ.

ಮೊಸರಿನ ಡಿಪ್ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು, ಕಡು ಬೇಸಿಗೆಯಲ್ಲಿ ಒಂದೇ ಗಂಟೆ. ಅದಕ್ಕೇ ಅರ್ಧವನ್ನು ಮಾತ್ರ ಬಟ್ಟಲಿಗೆ ಹಾಕಿ, ಉಳಿದದ್ದು ಉಪ್ಪು ಹಾಕದೆ ಫ್ರಿಜ್ಜಿನಲ್ಲೇ ಇರಲಿ. ಹೊರಗಿಟ್ಟ ಡಿಪ್ ಮಿಕ್ಕರೆ ಎಸೆಯಿರಿ. ಫ್ರಿಜ್ಜಿನಲ್ಲಿದ್ದದ್ದನ್ನು ಮಾರನೇ ದಿನ ಚಪಾತಿಗೆ ಸವರಿ ಸುತ್ತಿ ಕೊಡಿ. ಮಿಕ್ಕ ಕ್ಯಾರೆಟ್, ನವಿಲುಕೋಸು ಬೆಳಗಿನ ಸಾಗುವಿಗೆ ಆಗುತ್ತದೆ, ಹೆಚ್ಚುವ ಕೆಲಸ ಹೇಗೂ ಮುಗಿದಿದೆ.